ಅಡುಗೆಮನೆ ಅಟ್ಟದಲ್ಲಿ 63 ಪಾರ್ಸೆಲ್ ಡಬ್ಬಿ: ಇದು ಮರುಬಳಕೆಯಾ, ಕಸವಾ?

ಸರಸ್ವತಿಪುರಂ ಸೊಸೆ

ಗೌರಿ ಹಬ್ಬಕ್ಕೆ ದೊಡ್ಡ ಬೋಗುಣಿ ಬೇಕಿತ್ತು ಅಂತ ಭಾನುವಾರ ಸ್ಟೂಲ್ ಹಾಕಿಕೊಂಡು ಅಟ್ಟಕ್ಕೆ ಕೈ ಹಾಕಿದೆ. ಬೋಗುಣಿ ಎಳೆದಿದ್ದೇ ತಡ, ಹಿಂದೆ ಪೇರಿಸಿಟ್ಟಿದ್ದ ಪಾರ್ಸೆಲ್ ಡಬ್ಬಿಗಳೆಲ್ಲ ದಬದಬ ಅಂತ ನನ್ನ ತಲೆ ಮೇಲೆ ಬಿದ್ದವು. ನೆಲದಲ್ಲಿ ಕೂತು ಎಣಿಸಿದೆ. 63 ಡಬ್ಬಿ, 41 ಮುಚ್ಚಳ. ಒಂದಕ್ಕೊಂದು ಸರಿಹೊಂದಿದ್ದು 19 ಜೋಡಿ ಮಾತ್ರ. ಎರಡು ವರ್ಷದ ಬಿರಿಯಾನಿ, ಗೋಬಿ, ಸಾಗು ಎಲ್ಲದರ ಲೆಕ್ಕ ಅಲ್ಲೇ ಇದೆ.

ಅತ್ತೆಗೆ ಒಂದನ್ನೂ ಎಸೆಯಲು ಮನಸ್ಸಿಲ್ಲ. "ಗಟ್ಟಿ ಇವೆ ಕಣಮ್ಮ, ಯಾರಿಗಾದರೂ ಪಾಯಸ ಹಾಕಿ ಕೊಡೋಕೆ ಬೇಕಾಗುತ್ತೆ" ಅನ್ನುತ್ತಾರೆ. 63 ಮನೆಗೆ ಪಾಯಸ ಹಂಚಬೇಕಾದರೆ ಮನೆಯಲ್ಲಿ ಒಂದು ಮದುವೆಯೇ ಆಗಬೇಕು. ನಮ್ಮ ಯಜಮಾನರು "ಎಲ್ಲಾ ಕಸದ ಗಾಡಿಗೆ ಹಾಕು" ಅನ್ನುತ್ತಾರೆ. ಅಷ್ಟನ್ನೂ ಮನೆಗೆ ತಂದವರು ಅವರೇ. ಇನ್ನು ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿರುವ ಕವರು ಬೇರೆ. ಕವರುಗಳನ್ನೆಲ್ಲ ತುರುಕಿಟ್ಟಿರುವ ಕವರು. ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ?

ನಮ್ಮ ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ಊರುಗಳ ಪೈಕಿ ಮೊದಲು ಬಂದಾಗ ನಾವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದ್ದೆವು. ಬೀದಿ ಚೊಕ್ಕಟವಾಗಿತ್ತು ನಿಜ. ಆದರೆ ಮನೆಯಿಂದ ಹೋದ ಕಸ ಎಲ್ಲೋ ಹೋಗಿ ಬೀಳಲೇಬೇಕಲ್ಲ. ಗಾಳಿ ಈ ಕಡೆ ತಿರುಗಿದ ದಿನ ಊರಿನ ಕಸ ಸುರಿಯುವ ಸೂಯೆಜ್ ಫಾರ್ಮ್ ವಾಸನೆ ಹೇಗಿರುತ್ತದೆ ಅಂತ ವಿದ್ಯಾರಣ್ಯಪುರಂನವರನ್ನು ಕೇಳಿ.

ಈಗ ನನ್ನ ಪ್ರಶ್ನೆ ಇಷ್ಟೇ. ಈ ಡಬ್ಬಿಗಳನ್ನು ಏನು ಮಾಡಲಿ? ದಯವಿಟ್ಟು ಅದರಲ್ಲಿ ಗಿಡ ನೆಡಿ, ಬಣ್ಣ ಬಳಿದು ಪೆನ್ ಸ್ಟ್ಯಾಂಡ್ ಮಾಡಿ ಅನ್ನಬೇಡಿ. ನಮ್ಮ ಮನೆಯಲ್ಲಿ ಅಷ್ಟು ಪೆನ್ನೂ ಇಲ್ಲ.

ಕೆ.ಆರ್.ಪೇಟೆ ಹುಡುಗ

ಪೆನ್ ಸ್ಟ್ಯಾಂಡ್ 😂 ನನ್ನ ಅಕ್ಕ ತೆಂಗಿನ ಕರಟದಲ್ಲಿ 4 ಮಾಡಿದ್ದಾಳೆ. ಮೂರರಲ್ಲಿ ಸೇಫ್ಟಿ ಪಿನ್, ಒಂದರಲ್ಲಿ ಸತ್ತ ಸೆಲ್ಲು.

ಗುಜರಿ ಅಂಗಡಿ ಮಗ

ಅಕ್ಕ, ನಮ್ಮಪ್ಪ ದಾವಣಗೆರೆಯಲ್ಲಿ ಗುಜರಿ ಅಂಗಡಿ ಇಟ್ಟಿದ್ದರು. ನಾನು ಓದಿದ್ದೇ ಹಳೇ ಪೇಪರ್, ಖಾಲಿ ಬಾಟ್ಲಿ ದುಡ್ಡಿನಲ್ಲಿ. ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಡಬ್ಬಿಯನ್ನು ತಿರುಗಿಸಿ ತಳ ನೋಡಿ. ಮೂರು ಬಾಣದ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ಊಟದ ಪಾರ್ಸೆಲ್ ಡಬ್ಬಿಯಲ್ಲಿ ಜಾಸ್ತಿ ಇರುವುದು 5. ಅಂದರೆ ಪಾಲಿಪ್ರೊಪಿಲೀನ್. ಅದು ಗುಜರಿಗೆ ಹೋಗುತ್ತದೆ, ಕರಗಿಸಿ ಬಕೆಟ್ಟು ಮಗ್ಗು ಮಾಡುತ್ತಾರೆ. ನೀರಿನ ಬಾಟಲಿ 1. ಶಾಂಪೂ ಬಾಟಲಿ, ಫಿನಾಯಿಲ್ ಕ್ಯಾನು ಸಾಮಾನ್ಯವಾಗಿ 2, ಅವಕ್ಕೆ ಒಳ್ಳೇ ರೇಟು. ಹಾಲಿನ ಪಾಕೆಟ್ 4. ಅದೂ ಹೋಗುತ್ತದೆ, ಆದರೆ ತೊಳೆದು ಒಣಗಿಸಿರಬೇಕು. 6 ಅಂದರೆ ಪಾಲಿಸ್ಟೈರೀನ್, ಥರ್ಮಾಕೋಲ್ ಜಾತಿ. ಅದನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ, ಗಾಡಿ ತುಂಬಾ ಹಾಕಿದರೂ ತೂಕವೇ ಇರುವುದಿಲ್ಲ.

ಅಪ್ಪ ಅಂಕಿ ನೋಡುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಮಡಚುತ್ತಿದ್ದರು. ಶಬ್ದ ಕೇಳಿಯೇ ಯಾವ ಮಾಲು ಅಂತ ಹೇಳುತ್ತಿದ್ದರು. ಅನುಮಾನ ಬಂದರೆ ಅಂಚಿಗೆ ಬೆಂಕಿಕಡ್ಡಿ ತಾಗಿಸಿ ಹೊಗೆ ಮೂಸುತ್ತಿದ್ದರು. ಅವರ ಕೆಮ್ಮು ಎಲ್ಲಿಂದ ಬಂತು ಅಂತ ಈಗ ಅರ್ಥ ಆಗುತ್ತದೆ, ಆ ಮಾತು ಬಿಡಿ.

ಇನ್ನೊಂದು. ಎಣ್ಣೆ ಹತ್ತಿದ ಡಬ್ಬಿ ಕೊಟ್ಟರೆ ಉಳಿದ ಮಾಲೂ ಹಾಳಾಗುತ್ತದೆ. ಒಂದು ಲೋಟ ನೀರು ಹಾಕಿ ಗಲಬರಿಸಿ, ಬೋರಲು ಹಾಕಿ. ಅಷ್ಟು ಸಾಕು, ಫಳಫಳ ಅನ್ನಬೇಕಿಲ್ಲ. ಪಾತ್ರೆ ತೊಳೆದ ಎರಡನೇ ನೀರಲ್ಲಿ ಅದ್ದಿದರೂ ನಡೆಯುತ್ತದೆ.

ಸರಸ್ವತಿಪುರಂ ಸೊಸೆ

ತಿರುಗಿಸಿ ನೋಡಿದೆ! 63ರಲ್ಲಿ 58ರ ತಳದಲ್ಲಿ 5 ಇದೆ. ಇಷ್ಟು ವರ್ಷ ಆ ಅಂಕಿ ಡಬ್ಬಿಯ ಸೈಜು ಅಂದುಕೊಂಡಿದ್ದೆ. ಚಿಪ್ಸ್ ಪಾಕೆಟ್, ಬಿಸ್ಕತ್ ಕವರ್ ಯಾವುದರಲ್ಲಿ ಬರುತ್ತವೆ?

ಗುಜರಿ ಅಂಗಡಿ ಮಗ

ಗುಜರಿಗೆ ಹೋಗುವ ಯಾವುದರಲ್ಲೂ ಇಲ್ಲ ಅಕ್ಕ. ಒಳಗೆ ಬೆಳ್ಳಿ ಥರ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ ಮೇಲೆ ಕೂರಿಸಿದ ಅಲ್ಯೂಮಿನಿಯಂ ಪದರ. ಪದರ ಬಿಡಿಸಲು ಆಗುವುದಿಲ್ಲ. ನಗರಪಾಲಿಕೆ ಬೇರ್ಪಡಿಸಿ ಕಳಿಸಿದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಉರುವಲಾಗುತ್ತದೆ. ಇಲ್ಲದಿದ್ದರೆ ಗುಡ್ಡೆಗೆ. ಪೇಪರ್ ಲೋಟವೂ ಹಾಗೇ, ಒಳಗೆ ಪ್ಲಾಸ್ಟಿಕ್ ಲೇಪನ ಇರುತ್ತದೆ, ಪೇಪರ್ ಮಾಲಿಗೆ ಸೇರುವುದಿಲ್ಲ. ಜನ ಪೇಪರ್ ಲೋಟ ಅಂದರೆ ಪುಣ್ಯ ಬಂತು ಅಂದುಕೊಂಡಿದ್ದಾರೆ.

ಹಾಲಿನ ಪಾಕೆಟ್ ಮೂಲೆ ಕತ್ತರಿಸುವಾಗ ತುಂಡು ಪೂರ್ತಿ ಬೇರೆಯಾಗದ ಹಾಗೆ ಸ್ವಲ್ಪ ಅಂಟಿಸಿಕೊಂಡೇ ಬಿಡಿ. ಆ ಪುಟ್ಟ ತ್ರಿಕೋನವನ್ನು ಯಾರೂ ಆರಿಸುವುದಿಲ್ಲ, ಸೀದಾ ಚರಂಡಿಗೆ. ಸುಮ್ನೆ ಒಂದು ಅಭ್ಯಾಸ, ಖರ್ಚಿಲ್ಲ.

ಅನುಮಾನಪ್ಪ

ನೀವು ಮನೆಯಲ್ಲಿ ಮೂರು ಬಕೆಟ್ ಇಟ್ಟುಕೊಂಡು ಸರ್ಕಸ್ ಮಾಡಿ, ಗಾಡಿಯವನು ಎಲ್ಲವನ್ನೂ ಒಟ್ಟಿಗೆ ಸುರಿದುಕೊಂಡು ಹೋಗುತ್ತಾನೆ. ನಮ್ಮ ಬೀದಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ನಾನು ಅವತ್ತಿನಿಂದ ಬೇರೆ ಮಾಡುವುದನ್ನೇ ಬಿಟ್ಟೆ. ತಪ್ಪು ಅನ್ನಿಸಿದರೆ ಬೈಯಿರಿ. ಕಾರ್ಖಾನೆಯವರು ಪ್ಲಾಸ್ಟಿಕ್ ಮಾಡುವುದನ್ನು ನಿಲ್ಲಿಸಲಿ, ಆಮೇಲೆ ನಮ್ಮ ಅತ್ತೆಯಂದಿರ ಡಬ್ಬಿ ಎಣಿಸೋಣ.

ತಾರಸಿ ತೋಟ

ಅನುಮಾನಪ್ಪನವರೇ, ಬೈಯುವುದಿಲ್ಲ. ನಾನೂ ನೋಡಿದ್ದೇನೆ. ಆದರೆ ಬೆಂಗಳೂರಿನಲ್ಲಿ 2012ರಲ್ಲಿ ನಡೆದಿದ್ದನ್ನೂ ನೋಡಿದವನು. ಊರ ಕಸ ಸುರಿಯುತ್ತಿದ್ದ ಮಾವಳ್ಳಿಪುರ ಮುಚ್ಚಿತು. ಮಂಡೂರಿನವರು ನಿಮ್ಮ ಕಸ ನಮಗೆ ಬೇಡ ಅಂತ ರಸ್ತೆಗಿಳಿದರು. ನಮ್ಮ ಜಯನಗರದ ರಸ್ತೆ ತುದಿಯಲ್ಲಿ ಕಸದ ರಾಶಿ, ನಾಯಿಗಳು, ಮೂಗು ಮುಚ್ಚಿಕೊಂಡು ಓಡುವ ಸ್ಕೂಲ್ ಮಕ್ಕಳು. ಆಮೇಲೆ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬಕೆಟ್, ಒಂದು ಚೀಲ ಅಂತ ಕಡ್ಡಾಯ ಮಾಡಿತು. ಹಸಿಕಸಕ್ಕೆ ಹಸಿರು, ಪ್ಯಾಡು ಡೈಪರ್‌ಗೆ ಕೆಂಪು, ಒಣಕಸಕ್ಕೆ ಚೀಲ.

ಗಾಡಿಯವನು ಬೆರೆಸುತ್ತಾನೆ ಅನ್ನುವುದಕ್ಕೆ ನಾನು ಕಂಡುಕೊಂಡ ದಾರಿ ಅವನ ಕೈಗೆ ಹಸಿಕಸ ಕೊಡದೇ ಇರುವುದು. ಕೊಳೆಯುವುದು ಮನೆಯಲ್ಲೇ ಉಳಿದರೆ ಮಿಕ್ಕಿದ್ದು ಒಣಗಿದ್ದು, ಬೆರೆತರೂ ಮತ್ತೆ ಆರಿಸಬಹುದು. ಒಣಕಸವನ್ನು ವಾರ್ಡಿನ ಒಣಕಸ ಕೇಂದ್ರಕ್ಕೆ ನಾನೇ ಹದಿನೈದು ದಿನಕ್ಕೊಮ್ಮೆ ಕೊಟ್ಟು ಬರುತ್ತೇನೆ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆಯಿಂದಾಗಿ ಮುಂಚೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಇಂಥ ಎಷ್ಟೋ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ಒಮ್ಮೆ ಹೋಗಿ ನಿಂತು ನೋಡಿ. ನಮ್ಮ ಮನೆಯ ಚೀಲವನ್ನು ಒಬ್ಬ ಹೆಂಗಸು ಕೈಯಲ್ಲಿ ಬಿಚ್ಚುತ್ತಾಳೆ. ಅವತ್ತು ನನ್ನ ಚೀಲದಲ್ಲಿ ಒಡೆದ ಬಲ್ಬು ಇತ್ತು. ಆಕೆ ಏನೂ ಅನ್ನಲಿಲ್ಲ, ಪಕ್ಕಕ್ಕೆ ಇಟ್ಟಳು ಅಷ್ಟೇ. ಆಮೇಲಿಂದ ಗಾಜು ಇದ್ದರೆ ಪೇಪರಿನಲ್ಲಿ ಸುತ್ತಿ ಮೇಲೆ "ಗಾಜು" ಅಂತ ಬರೆದು ಕೊಡುತ್ತೇನೆ.

ಗೊಬ್ಬರದ ವಿಷಯಕ್ಕೆ ಬರುತ್ತೇನೆ. ಮೂರು ಮಣ್ಣಿನ ಮಡಕೆ ಒಂದರ ಮೇಲೊಂದು. ಬೆಂಗಳೂರಿನದೇ ಡೈಲಿ ಡಂಪ್‌ನವರು ಇದನ್ನು ಕಂಬ ಅಂತ ಮಾರುತ್ತಾರೆ. ದುಡ್ಡು ಜಾಸ್ತಿ ಅನ್ನಿಸಿದರೆ ಹಳೇ ಪೇಂಟ್ ಬಕೆಟ್ಟಿಗೆ ಸುತ್ತಲೂ ತೂತು ಹೊಡೆದರೂ ಕೆಲಸ ಆಗುತ್ತದೆ. ಗುಟ್ಟು ಒಂದೇ: ಒಂದು ಹಿಡಿ ಹಸಿಗೆ ಒಂದು ಹಿಡಿ ಒಣ. ಒಣ ಅಂದರೆ ಒಣಗಿದ ಎಲೆ, ತೆಂಗಿನ ನಾರಿನ ಪುಡಿ, ಮರ ಕೊಯ್ದ ಹೊಟ್ಟು, ಹರಿದ ಪೇಪರ್. ಶುರುವಿಗೆ ಹುಳಿ ಮಜ್ಜಿಗೆ ಚಿಮುಕಿಸಿ. ಮಡಕೆ ತುಂಬಿದ ಮೇಲೆ ಕೆಳಕ್ಕೆ ಇಳಿಸಿ, ಒಂದೂವರೆ ಎರಡು ತಿಂಗಳಿಗೆ ಕಾಫಿ ಪುಡಿ ಬಣ್ಣದ ಗೊಬ್ಬರ. ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಬೇರೆ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಮ್ಮಿ.

ಹೊಸ ಬಾಡಿಗೆ ಮನೆ

ಸರ್ ಹುಳ? ನಾನು ಮೂರು ವಾರ ಮಾಡಿದೆ. ಒಂದು ಬೆಳಗ್ಗೆ ಮುಚ್ಚಳ ತೆಗೆದರೆ ಇಡೀ ಮಡಕೆ ಜೀವಂತ. ಓನರ್ ಆಂಟಿ ನೋಡಿ ಕಿರುಚಿಕೊಂಡರು. ಮನೆ ಖಾಲಿ ಮಾಡಿಸುತ್ತಾರೆ ಅಂತ ಹೆದರಿ ಎಲ್ಲಾ ಎಸೆದುಬಿಟ್ಟೆ.

ತಾರಸಿ ತೋಟ

ಅಯ್ಯೋ, ಎಸೆಯಬಾರದಿತ್ತು. ನನ್ನದೂ ಕೇಳಿ. ಮೊದಲ ವರ್ಷ ನಾವು ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಆರು ದಿನ ಹೋಗಿದ್ದೆವು. ಹೊರಡುವ ಗಡಿಬಿಡಿಯಲ್ಲಿ ಮಿಕ್ಕಿದ್ದ ಹುಳಿಯನ್ನ ಸಾರು ಸಮೇತ ಮಡಕೆಗೆ ಸುರಿದಿದ್ದೆ. ಬಂದು ನೋಡಿದರೆ ಬೂದು ಬಣ್ಣದ ದಪ್ಪ ಹುಳಗಳು ಸಾಲಾಗಿ ಗೋಡೆ ಹತ್ತಿ ಪಕ್ಕದ ಮನೆ ತುಳಸಿ ಕಟ್ಟೆ ತನಕ ಯಾತ್ರೆ ಹೊರಟಿದ್ದವು. ಅವರ ಮನೆಯಲ್ಲಿ ಅವತ್ತು ಸತ್ಯನಾರಾಯಣ ಪೂಜೆ. ಎರಡು ತಿಂಗಳು ಮಾತು ಬಿಟ್ಟಿದ್ದರು.

ಆ ದಪ್ಪ ಹುಳ ಬ್ಲ್ಯಾಕ್ ಸೋಲ್ಜರ್ ಅನ್ನುವ ನೊಣದ ಮರಿ. ಅದು ಕಚ್ಚುವುದಿಲ್ಲ, ಬೇರೆ ನೊಣದ ಹಾಗೆ ನಮ್ಮ ಊಟದ ಮೇಲೂ ಕೂರುವುದಿಲ್ಲ. ಕಸವನ್ನು ನಮಗಿಂತ ಬೇಗ ಮುಗಿಸುತ್ತದೆ. ಗೊಬ್ಬರಕ್ಕೆ ಅದು ಒಳ್ಳೆಯದೇ, ನೋಡಲು ಆಗುವುದಿಲ್ಲ ಅಷ್ಟೇ. ಬೇಡ ಅಂದರೆ ಎರಡು ಬೊಗಸೆ ಒಣ ಎಲೆ ಹಾಕಿ ಕೆದಕಿ, ಬಿಸಿಲಿಗೆ ಇಡಿ, ಮುಚ್ಚಳದ ಕೆಳಗೆ ಹಳೇ ತೆಳು ಬಟ್ಟೆ ಕಟ್ಟಿ. ಸಾರು, ಮೊಸರು, ಎಣ್ಣೆ ಪದಾರ್ಥ ಹಾಕಲೇಬೇಡಿ. ಓನರ್ ಆಂಟಿಗೆ ಮೊದಲ ಗೊಬ್ಬರ ಒಂದು ಚೀಲ ಕೊಡಿ, ಅವರ ದಾಸವಾಳ ನಾಲ್ಕು ಹೂ ಜಾಸ್ತಿ ಬಿಟ್ಟರೆ ಆಮೇಲೆ ಅವರೇ ತರಕಾರಿ ಸಿಪ್ಪೆ ತಂದುಕೊಡುತ್ತಾರೆ. ನಮ್ಮ ಪಕ್ಕದ ಮನೆಯವರು ಈಗ ಹಾಗೇ ಮಾಡುತ್ತಾರೆ.

ಧಾರವಾಡದವಳು

ಎಲ್ಲರೂ ಪ್ಲಾಸ್ಟಿಕ್ ಬಗ್ಗೆ ಬರೆಯುತ್ತಿದ್ದೀರಿ, ಬಟ್ಟೆಯನ್ನು ಯಾರೂ ಎತ್ತಲಿಲ್ಲ. ನಮ್ಮ ಕಡೆ ಹಳೇ ಸೀರೆ ಅಂದರೆ ಕೌದಿ. ಆಯಿ ಟ್ರಂಕಿನಲ್ಲಿ ಎರಡು ವರ್ಷ ಸೀರೆ, ಧೋತರ, ನಮ್ಮ ಹರಿದ ಲಂಗ ಎಲ್ಲ ಕೂಡಿಡುತ್ತಿದ್ದಳು. ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಓಣಿಗೆ ಬಂದರೆ ಅಂಗಳದಲ್ಲಿ ಸೀರೆ ಹಾಸಿ, ಅದರ ಮೇಲೆ ಹರಿದದ್ದನ್ನೆಲ್ಲ ಪದರ ಪದರ ಇಟ್ಟು, ನಾಲ್ಕು ಮಂದಿ ನಾಲ್ಕು ಮೂಲೆಗೆ ಕೂತು ಹೊಲಿಯುತ್ತಿದ್ದರು. ದಪ್ಪ ಸೂಜಿ, ದಪ್ಪ ದಾರ, ಸಾಲು ಸಾಲು ಟಾಕಿ. ಕೂಲಿ ಜೊತೆ ಜೋಳ, ಒಂದು ಹೊತ್ತಿನ ಊಟ. ನಮ್ಮ ಮನೆಯಲ್ಲಿ ಈಗಲೂ ಇರುವ ಕೌದಿಯಲ್ಲಿ ನನ್ನ ಮೂರನೇ ಕ್ಲಾಸಿನ ಯೂನಿಫಾರ್ಮ್ ಚೌಕಡಿ ಇದೆ. ನನ್ನ ಮಗಳು ಅದರ ಮೇಲೆ ಬೆರಳಿಟ್ಟು ಕೇಳುತ್ತಾಳೆ, ಇದು ಯಾರದು, ಇದು ಯಾರದು ಅಂತ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದು ಕವಂದಿ, ಅದರ ಚಂದವೇ ಬೇರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಫೂಲ ಹಚ್ಚದೆ ಕವಂದಿ ಮುಗಿಯಿತು ಅನ್ನುವುದಿಲ್ಲ.

ಈಗ ತೊಂದರೆ ಏನು ಅಂದರೆ ಸೀರೆಯೇ ಬದಲಾಗಿದೆ. ಅರ್ಧ ಕಪಾಟು ಪಾಲಿಸ್ಟರ್. ಅದನ್ನು ಒಳಗೆ ಹಾಕಿದರೆ ಕೌದಿ ಜಾರುತ್ತದೆ, ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ, ಒರೆಸುವ ಅರಿವೆಗೂ ಬರುವುದಿಲ್ಲ. ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ತೆಗೆದುಕೊಳ್ಳುವ ಹೆಂಗಸು ಕೂಡ ಈಗ ಬೆರಳಲ್ಲಿ ತಿಕ್ಕಿ ನೋಡಿ "ಇದು ಬೇಡ ಬಾಯಾರ" ಅನ್ನುತ್ತಾಳೆ. ಮೊದಲು ಮೂರು ಸೀರೆಗೆ ಒಂದು ಬೋಗುಣಿ ಬರುತ್ತಿತ್ತು. ಈಗ ಚೌಕಾಸಿ ಮಾಡಿ ಮಾಡಿ ಗಂಟಲು ಒಣಗಿದ ಮೇಲೆ ಒಂದು ಚಹಾ ಸೋಸುವ ಜಾಳಿಗೆ.

ಇಬ್ಬರು ಮಕ್ಕಳ ತಾಯಿ

ಎಲ್ಲರ ಮಾತೂ ಚೆನ್ನಾಗಿದೆ. ಒಂದು ಖಾರದ ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಡಬ್ಬಿ ಗಲಬರಿಸಿ, ಹಾಲಿನ ಪಾಕೆಟ್ ತೊಳೆದು ಒಣಗಿಸಿ, ಗೊಬ್ಬರ ಕೆದಕಿ, ಬಟ್ಟೆ ಲಂಗೋಟಿ ಕಟ್ಟಿ. ಇದನ್ನೆಲ್ಲ ಮಾಡುವವರು ಯಾರು? ನಮ್ಮ ಮನೆಯಲ್ಲಿ ಕಸ ಕಮ್ಮಿ ಮಾಡೋಣ ಅಂತ ಯೂಟ್ಯೂಬ್ ನೋಡಿ ತೀರ್ಮಾನ ಮಾಡಿದವರು ನಮ್ಮ ಯಜಮಾನರು. ಸಿಂಕ್ ಮುಂದೆ ನಿಂತವಳು ನಾನು. ಪರಿಸರ ಪ್ರೇಮದಲ್ಲಿ ಮುಕ್ಕಾಲು ಪಾಲು ಹೆಂಗಸಿನ ಕೈ ಕೆಲಸ.

ಮೊದಲ ಮಗುವಿಗೆ ಪೂರ್ತಿ ಡೈಪರ್. ಎರಡನೆಯದಕ್ಕೆ ಹಗಲು ಅಮ್ಮನ ಹಳೇ ಕಾಟನ್ ಸೀರೆಯ ಲಂಗೋಟಿ, ರಾತ್ರಿ ಡೈಪರ್. ನಾನು ಒಪ್ಪಿಕೊಂಡಿದ್ದು ಒಂದೇ ಷರತ್ತಿನ ಮೇಲೆ, ಒಗೆಯುವುದು ಅವರು. ಒಗೆದರು, ಪಾಪ. ಎರಡನೇ ವಾರಕ್ಕೆ "ಮಗುವನ್ನು ಬೇಗ ಪಾಟಿ ಮೇಲೆ ಕೂರಿಸೋಣ" ಅಂತ ಅವರೇ ಶುರು ಮಾಡಿದರು.

ಕೆಂಪು ಬಕೆಟ್ ಮಾತು ಬಂತಲ್ಲ, ಅದಕ್ಕೆ ಇನ್ನೊಂದು. ನಾನು ಪ್ಯಾಡ್ ಬಿಟ್ಟು ಮುಟ್ಟಿನ ಕಪ್ ಹಾಕಿ ಮೂರು ವರ್ಷ ಆಯಿತು. ಮೊದಲ ಎರಡು ತಿಂಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಒಂದು ಕಪ್ ವರ್ಷಗಟ್ಟಲೆ ಬರುತ್ತದೆ. 2023ರಲ್ಲಿ ಸರ್ಕಾರವೇ ಶುಚಿ ಯೋಜನೆಯಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರದ ಹುಡುಗಿಯರಿಗೆ ಕಪ್ ಕೊಟ್ಟು ನೋಡಿತು. ನಮ್ಮ ಕಾಲದಲ್ಲಿ ಅಂಗಡಿಯವನು ಪ್ಯಾಡನ್ನು ಕಪ್ಪು ಕವರಿನಲ್ಲಿ ಸುತ್ತಿ ಕೊಡುತ್ತಿದ್ದ, ಕಸಕ್ಕೆ ಹಾಕುವುದೂ ಅದೇ ಕವರಿನಲ್ಲೇ. ಕಪ್ ಹಾಕದವರು ಕನಿಷ್ಠ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಬಿಚ್ಚಿ ನೋಡುವ ಪಾಡು ಪೌರಕಾರ್ಮಿಕರಿಗೆ ತಪ್ಪುತ್ತದೆ.

ಅನುಮಾನಪ್ಪ

ತಾಯಿಯವರ ಮಾತು ತಾಗಿತು. ನಮ್ಮ ಮನೆಯಲ್ಲೂ ಬೇರೆ ಮಾಡುವುದನ್ನು "ನಾನು" ಬಿಟ್ಟೆ ಅಂತ ಬರೆದೆನಲ್ಲ, ನಿಜ ಹೇಳಬೇಕೆಂದರೆ ಮಾಡುತ್ತಿದ್ದವಳು ನನ್ನ ಹೆಂಡತಿ. ಅವಳು ಇನ್ನೂ ಮಾಡುತ್ತಲೇ ಇದ್ದಾಳೆ. ಈಗ ಕೇಳಿ ಗೊತ್ತಾಯಿತು.

ಮಂಗಳೂರು ಮಳೆ

ಎಲ್ಲರೂ ಕಸ "ಎಲ್ಲೋ" ಹೋಗುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಆ ಎಲ್ಲೋ ಅನ್ನುವುದಕ್ಕೆ ಹೆಸರಿದೆ, ಪಚ್ಚನಾಡಿ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಕುಸಿದು ಕೆಳಗಿನ ಮಂದಾರದ ಮೇಲೆ ಹರಿದು ಬಂತು. ಹರಿದು ಬಂತು ಅಂದರೆ ನಿಜವಾಗಿ ಹರಿದು. ಅಡಿಕೆ ಮರ, ತೆಂಗಿನ ಮರ ಕಸದೊಳಗೆ ಸೊಂಟದವರೆಗೆ ಹುಗಿದು ನಿಂತಿದ್ದವು. ಮನೆ, ದೈವದ ಜಾಗ, ಬಾವಿ ಯಾವುದನ್ನೂ ಬಿಡಲಿಲ್ಲ. ಜನ ಮನೆ ಬಿಟ್ಟು ಬೇರೆ ಕಡೆ ಹೋಗಿ ಉಳಿಯಬೇಕಾಯಿತು.

ನಾನು ಆಗ ಹೋಗಿ ನೋಡಿದ್ದೆ. ಕೆಸರಿನ ಮಧ್ಯೆ ಬಣ್ಣ ಮಾಸದ ಹಾಗೆ ಮೇಲೆ ತೇಲುತ್ತಿದ್ದುದು ಏನು ಗೊತ್ತುಂಟಾ? ತೊಟ್ಟೆಗಳು, ಅಂದರೆ ಪ್ಲಾಸ್ಟಿಕ್ ಕವರುಗಳು. ನಾವು ಮೀನು ತಂದ ತೊಟ್ಟೆ. ಅವತ್ತಿನಿಂದ ಮೀನು ಮಾರ್ಕೆಟಿಗೆ ಮುಚ್ಚಳದ ಅಲ್ಯೂಮಿನಿಯಂ ಡಬ್ಬಿ ಹಿಡಿದು ಹೋಗುತ್ತೇನೆ. ಮೀನಿನವಳು ಮೊದಲ ದಿನ ನಕ್ಕಳು, ಈಗ ನನ್ನನ್ನು "ಡಬ್ಬಿ ಅಣ್ಣ" ಅಂತ ಕರೆದು ಎರಡು ಬೂತಾಯಿ ಜಾಸ್ತಿ ಹಾಕುತ್ತಾಳೆ. ಬಸ್ಸಿನಲ್ಲಿ ವಾಸನೆಯೂ ಕಮ್ಮಿ.

ಒಳ್ಳೆಯ ಸುದ್ದಿಯೂ ಉಂಟು. ಕುಂದಾಪುರದ ಹತ್ತಿರ ವಂಡ್ಸೆ ಗ್ರಾಮ ಪಂಚಾಯಿತಿಯವರು ಮನೆ ಮನೆ ಕಸ ತಂದು, ಹತ್ತಾರು ಬಗೆಯಾಗಿ ಬೇರ್ಪಡಿಸಿ ಮಾರಿ ಬೇರೆ ಪಂಚಾಯಿತಿಗಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟರು. ಕೆಲಸ ಮಾಡುವವರು ಊರಿನ ಹೆಂಗಸರೇ.

ಶಿರಸಿ ಮಾಣಿ

ಕಸ ಆಗುವ ಮೊದಲೇ ತಿಂದುಬಿಡಿ ಅನ್ನುವುದು ನಮ್ಮ ಪಂಗಡ. ಹೀರೆಕಾಯಿ ಸಿಪ್ಪೆ ಚಟ್ನಿ ಎಲ್ಲರಿಗೂ ಗೊತ್ತು. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿ ಜೊತೆ ರುಬ್ಬಿ ದೋಸೆ ಹೊಯ್ದರೆ ಹತ್ತಿಯ ಹಾಗೆ ಮೆತ್ತಗೆ. ಕಿತ್ತಳೆ ಸಿಪ್ಪೆ ಗೊಜ್ಜು. ಬಾಳೆಕಾಯಿ ಸಿಪ್ಪೆ ಸಣ್ಣಗೆ ಹೆಚ್ಚಿ ಪಲ್ಯ. ಹಲಸಿನ ಬೀಜ ಮಣ್ಣು ಬಳಿದು ಮಳೆಗಾಲಕ್ಕೆ ಇಡುವುದು. ದಾಳಿಂಬೆ ಸಿಪ್ಪೆ ಒಣಗಿಸಿ ತಂಬುಳಿ, ಹೊಟ್ಟೆ ಕೆಟ್ಟ ದಿನಕ್ಕೆ. ಉಳಿದದ್ದು ಅಕ್ಕಿ ತೊಳೆದ ನೀರಿನ ಜೊತೆ ಕಲಗಚ್ಚಿನ ಬಾನಿಗೆ, ಅಲ್ಲಿಂದ ಗೌರಿಗೆ. ಗೌರಿ ನಮ್ಮ ಆಕಳು.

ತಿನ್ನಲಾಗದ ನಿಂಬೆ, ಮೂಸಂಬಿ ಸಿಪ್ಪೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ: 1, 3, 10. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರು ತಿಂಗಳು. ಸೋಸಿದರೆ ನೆಲ ಒರೆಸಲು, ಬಚ್ಚಲು ತಿಕ್ಕಲು ಆಗುತ್ತದೆ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲ ಮಾಡಿ ಗಾಳಿ ಬಿಡಲೇಬೇಕು. ಗಾಜಿನ ಬಾಟಲಿ ಬೇಡವೇ ಬೇಡ. ಯಾಕೆ ಅಂತ ನಮ್ಮ ಉಪ್ಪಿನಕಾಯಿ ಭರಣಿ ಕೋಣೆಯ ಗೋಡೆ ಹೇಳುತ್ತದೆ, ರಾತ್ರಿ ಎರಡು ಗಂಟೆಗೆ ಢಂ ಅಂದಿತ್ತು. ಅಪ್ಪಯ್ಯ ಕಳ್ಳ ಬಂದ ಅಂತ ಕತ್ತಿ ಹಿಡಿದು ಎದ್ದಿದ್ದ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ನೀರಿನ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಸೇರಿಸಿಯೇ ಬಿಲ್ ಹಾಕುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಬಂದ ಹೊಸದರಲ್ಲಿ ಗೊತ್ತಿಲ್ಲದೆ ಎಲ್ಲಾ ಜಜ್ಜಿ ಎಸೆದಿದ್ದೆ, ಲೆಕ್ಕ ಹಾಕಿ ಎರಡು ದಿನ ಊಟ ಸೇರಲಿಲ್ಲ. 2023ರ ಜನವರಿಯಿಂದ ಪಾರ್ಸೆಲ್ ಕೊಡುವ ದೊಡ್ಡ ಹೋಟೆಲುಗಳು ಮತ್ತೆ ಬಳಸುವ ಡಬ್ಬಿಯ ಆಯ್ಕೆ ಇಡಲೇಬೇಕು. ಟ್ಯೂಬಿಂಗನ್ ಅನ್ನುವ ಊರು ಒಂದು ಹೆಜ್ಜೆ ಮುಂದೆ ಹೋಗಿ ಎಸೆಯುವ ಲೋಟಕ್ಕೆ 50 ಸೆಂಟ್ ತೆರಿಗೆ ಹಾಕಿತು. ಕೇಸು ಸಂವಿಧಾನ ನ್ಯಾಯಾಲಯದ ತನಕ ಹೋಗಿ 2025ರಲ್ಲಿ ಊರೇ ಗೆದ್ದಿತು.

ಆದರೆ ಇಲ್ಲಿನವರನ್ನು ಹೊಗಳುವ ಮುಂಚೆ ಒಂದು ಮಾತು. ಇಲ್ಲಿ ಸೌತೆಕಾಯಿಗೂ ಪ್ಲಾಸ್ಟಿಕ್ ಅಂಗಿ ಹಾಕಿ ಮಾರುತ್ತಾರೆ. ಹಾಸನದ ಸಂತೆಯಲ್ಲಿ ನಮ್ಮಮ್ಮ ಗೋಣಿ ಚೀಲದ ಬ್ಯಾಗು ಹಿಡಿದು ಹೋದರೆ ಒಂದೇ ಒಂದು ಕವರೂ ಇಲ್ಲದೆ ವಾರದ ತರಕಾರಿ ತರುತ್ತಿದ್ದರು.

ಗುಜರಿ ಅಂಗಡಿ ಮಗ

ಅಣ್ಣ, ಆ ಠೇವಣಿ ನಮ್ಮ ಪಕ್ಕದಲ್ಲೇ ಇದೆ. ಊಟಿಗೆ ಹೋಗಿ ಬನ್ನಿ. ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ವಾಪಸ್ ಕೊಟ್ಟರೆ ಹಿಂತಿರುಗಿಸುತ್ತಾರೆ. ಕಾಡಿನಲ್ಲಿ ಒಡೆದ ಗಾಜು ಆನೆ ಕಾಲಿಗೆ ಚುಚ್ಚುತ್ತದೆ ಅಂತ ಮದ್ರಾಸ್ ಹೈಕೋರ್ಟಿನಿಂದ ಶುರುವಾದ ಸಂಗತಿ ಅದು. ನಮ್ಮ ಕಾಲದ ಗೋಲಿ ಸೋಡಾ ಬಾಟಲಿಗೂ ಅಂಗಡಿಯವನು ಠೇವಣಿ ಇಟ್ಟುಕೊಳ್ಳುತ್ತಿದ್ದ. ಯಂತ್ರ ಇರಲಿಲ್ಲ, ಬಾಟಲಿ ವಾಪಸ್ ಬಾರದಿದ್ದರೆ ಅಪ್ಪನಿಗೆ ಚಾಡಿ ಹೇಳುತ್ತಿದ್ದ ಅಷ್ಟೇ.

ಸರಸ್ವತಿಪುರಂ ಸೊಸೆ

ಹತ್ತು ದಿನದ ವರದಿ ಕೊಡುತ್ತೇನೆ.

19 ಜೋಡಿ ಉಳಿಸಿಕೊಂಡೆ. ಅತ್ತೆ ಮುಖ ನೋಡಿ ಇನ್ನೂ 6 ಸೇರಿಸಿದೆ. ಹಬ್ಬದ ದಿನ ನಿಜವಾಗಲೂ ಪಕ್ಕದವರಿಗೆಲ್ಲ ಹೋಳಿಗೆ ಹಾಕಿ ಕೊಟ್ಟರು, 11 ಡಬ್ಬಿ ಖಾಲಿಯಾದವು. ಮೂರು ಮನೆಯವರು ಅದೇ ಡಬ್ಬಿಯಲ್ಲಿ ಏನಾದರೂ ಹಾಕಿ ವಾಪಸ್ ಕಳಿಸಿದ್ದಾರೆ, ಖಾಲಿ ಡಬ್ಬಿ ಕೊಡಬಾರದಂತೆ. ಅಂದರೆ ಇವು ಸಾಯುವುದಿಲ್ಲ. ಉಳಿದ 38ರಲ್ಲಿ 33ರ ತಳದಲ್ಲಿ 5 ಇತ್ತು, ಅವು ಗುಜರಿಗೆ ಹೋದವು. ಮಿಕ್ಕ 5 ಒಣಕಸದ ಚೀಲಕ್ಕೆ. ಒಂದೂವರೆ ಕಿಲೋ ಕೂಡ ಬರಲಿಲ್ಲ, ಹಾಲಿನ ಪಾಕೆಟ್, ಪೇಪರ್ ಎಲ್ಲಾ ಸೇರಿ 94 ರೂಪಾಯಿ. ಅತ್ತೆ ಆ ದುಡ್ಡಲ್ಲಿ ಮಲ್ಲಿಗೆ ಹೂ ತಂದರು.

ಇನ್ನು ಮೇಲೆ ಹೊಸ ಡಬ್ಬಿ ಬರಬಾರದು ಅಂತ ಯಜಮಾನರ ಕೈಗೆ ಸ್ಟೀಲಿನ ಮೂರು ಅಂತಸ್ತಿನ ಕ್ಯಾರಿಯರ್ ಕೊಟ್ಟು ಹೋಟೆಲಿಗೆ ಕಳಿಸಿದೆ. ಬಂದರು. ತೆರೆದು ನೋಡಿದರೆ ಇಡ್ಲಿ ಪ್ಲಾಸ್ಟಿಕ್ ಕವರಿನಲ್ಲಿ, ಸಾಂಬಾರು ಪ್ಲಾಸ್ಟಿಕ್ ಕವರಿನಲ್ಲಿ, ಚಟ್ನಿ ಪ್ಲಾಸ್ಟಿಕ್ ಕವರಿನಲ್ಲಿ. ಮೂರನ್ನೂ ನೀಟಾಗಿ ಸ್ಟೀಲ್ ಕ್ಯಾರಿಯರ್ ಒಳಗೆ ಜೋಡಿಸಿ ಮುಚ್ಚಿ ಕೊಟ್ಟಿದ್ದಾನೆ ಹೋಟೆಲಿನವನು. ಇವರು ಫೋನ್ ನೋಡುತ್ತಾ ನಿಂತಿದ್ದರಂತೆ.

ಕೆ.ಆರ್.ಪೇಟೆ ಹುಡುಗ

🤣🤣 ಕವರಿಗೆ ಕ್ಯಾರಿಯರ್ ಭಾಗ್ಯ

ಮಂಗಳೂರು ಮಳೆ

ಇದಕ್ಕೆ ಉಪಾಯ ಉಂಟು ಅಕ್ಕ. ಪಾರ್ಸೆಲ್ ಕೌಂಟರಿನಲ್ಲಿ ಕೊಡಬೇಡಿ, ಅಲ್ಲಿ ಕಟ್ಟುವವನಿಗೆ ಕೈ ತಾನಾಗಿ ಕವರಿಗೆ ಹೋಗುತ್ತದೆ. ಸಾಂಬಾರು ಬಡಿಸುವ ಹುಡುಗನ ಹತ್ತಿರ ಹೋಗಿ "ಇದಕ್ಕೇ ಹೊಯ್ಯಿ ಮಾರಾಯ" ಅನ್ನಿ. ಅವನಿಗೂ ಕಟ್ಟುವ ಕೆಲಸ ಇಲ್ಲ, ಸೌಟು ಅವನ ಕೈಯಲ್ಲೇ ಇರುತ್ತದೆ. ಅಳತೆಗಿಂತ ಒಂದು ಸೌಟು ಜಾಸ್ತಿಯೇ ಬೀಳುತ್ತದೆ. ಬಿಸಿ ಸಾಂಬಾರು ಪ್ಲಾಸ್ಟಿಕ್ಕಿನಲ್ಲಿ ಕುಡಿಯುವುದೂ ತಪ್ಪುತ್ತದೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಕುವುದನ್ನು 2025ರಲ್ಲಿ ಸರ್ಕಾರ ನಿಷೇಧ ಮಾಡಿತಲ್ಲ, ಅದೇ ಕಾರಣಕ್ಕೆ.

ಇಬ್ಬರು ಮಕ್ಕಳ ತಾಯಿ

ಮತ್ತೆ ಯಜಮಾನರನ್ನೇ ಕಳಿಸಿ. ನೀವು ಹೋಗಬೇಡಿ.

ತಾರಸಿ ತೋಟ

ಹಬ್ಬದ ಊಟಕ್ಕೆ ಜನ ಜಾಸ್ತಿ ಇದ್ದರೆ ತಟ್ಟೆ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಅದಮ್ಯ ಚೇತನದವರು ಪ್ಲೇಟ್ ಬ್ಯಾಂಕ್ ಅಂತಲೇ ನಡೆಸುತ್ತಾರೆ, ಸ್ಟೀಲಿನ ತಟ್ಟೆ ಲೋಟ ತಂದು ಬಳಸಿ ಹಿಂತಿರುಗಿಸುವುದು. ಮೊಮ್ಮಗನ ನಾಮಕರಣಕ್ಕೆ ನಾವೂ ಸ್ಟೀಲ್ ತಟ್ಟೆಯಲ್ಲೇ ಬಡಿಸಿದೆವು, ತೊಳೆಯಲು ನಾಲ್ಕು ಜನ ಗಂಡಸರು ನಿಂತಿದ್ದೆವು ಅಂತ ತಾಯಿಯವರಿಗೆ ತಿಳಿಸಬಯಸುತ್ತೇನೆ.

ಸರಸ್ವತಿಪುರಂ ಸೊಸೆ

ಎರಡನೇ ಪ್ರಯತ್ನ ಆಯಿತು. ಯಜಮಾನರನ್ನೇ ಕಳಿಸಿದೆ, ಫೋನ್ ಮನೆಯಲ್ಲೇ ಇಡಿಸಿಕೊಂಡೆ. ಸೀದಾ ಬಡಿಸುವ ಹುಡುಗನ ಹತ್ತಿರ ಹೋಗಿದ್ದಾರೆ. ಇಡ್ಲಿ ಸಾಂಬಾರು ಚಟ್ನಿ ಎಲ್ಲಾ ನೇರ ಸ್ಟೀಲಿಗೆ. ಕವರು ಸೊನ್ನೆ. ಒಂದು ಸೌಟು ಜಾಸ್ತಿ ಬಿದ್ದಿದ್ದೂ ನಿಜ, ಆದರೆ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಆ ಜಾಸ್ತಿ ಸೌಟು ಸ್ಕೂಟರಿನ ಮುಂದೆ ಚೆಲ್ಲಿದೆ. ಈಗ ಹೊರಗೆ ಒರೆಸುತ್ತಿದ್ದಾರೆ, ಅವರ ಹಳೇ ಬನಿಯನ್ನಿನಲ್ಲಿ. ಅದು ಕಾಟನ್ ಧಾರವಾಡದ ಅಕ್ಕ, ಚೆನ್ನಾಗಿ ಹೀರುತ್ತಿದೆ.